ಟ್ರಸ್ಟಿಗೆ ಮನೆ ಬರೆದ ಸಿರಿಲ್

ಇಂಗ್ಲೆಂಡಿನ ಬರ್ನ್ಲಿಯ ನಮ್ಮ ಬೀದಿಯ ಸಿರಿಲ್, ಮಗಳು ಜಾನಿಸ್‌ಗಾಗಿ ಮನೆಯನ್ನು ಟ್ರಸ್ಟಿಗೆ ಬರೆದ ದಿನದಿಂದ ತನ್ನ ಮನೆಯಲ್ಲೇ ಅತಿಥಿ. ಗೋಡೆಗೊಂದು ಮೊಳೆ ಹೊಡೆಯಲೂ "ಯಜಮಾನ್ತೀನ ಕೇಳ್ಬೇಕಪ್ಪ" ಎಂದು ಅವಳಿಗೆ ಫೋನ್ ಮಾಡುತ್ತಾನೆ. "ಅಪ್ಪಾ, ತಲೆ ತಿನ್ಬೇಡ, ಹೊಡ್ಕೋ" ಎನ್ನುತ್ತಾಳೆ ಅವಳು. ಮುಂದೆ ವೃದ್ಧರ ಆರೈಕೆ ಕೇಂದ್ರ ಸೇರಬೇಕಾಗಿ ಬಂದರೆ ಅದರ ಖರ್ಚಿಗೆ ಈ ಮನೆ ಮಾರಿಹೋಗಬಾರದು, ಅವಳಿಗೇ ಉಳಿಯಬೇಕು ಎಂಬುದೊಂದೇ ಅವನ ಆಸೆ. ಆದರೆ ಕಾಯಿಲೆಯ ಸುಳಿವು ಸಿಕ್ಕಿದ ಮೇಲೆ ಬರೆದದ್ದೆಂದು ಕಂಡರೆ ಆಸ್ತಿಯಿಲ್ಲದವರಿಗಷ್ಟೇ ಆ ಖರ್ಚು ಕೊಡುವ ಊರಿನ ಕೌನ್ಸಿಲ್‌ನವರು ಟ್ರಸ್ಟನ್ನು ಒಪ್ಪುವುದಿಲ್ಲ, ಮನೆ ಅವನದೇ ಎನ್ನುತ್ತಾರೆ. ಅದಕ್ಕೇ ಪಬ್ಬಿನಲ್ಲಿ, ಬಸ್ಸಿನಲ್ಲಿ, ಕೇಳದವರಿಗೂ "ಕುದುರೆ ಹಾಗಿದೀನಿ" ಎಂದು ಸಾರುತ್ತಾನೆ. ನಮ್ಮಲ್ಲಿಗೆ ಬಂದರೆ ಚಹಾ ಅರ್ಧ ಕಪ್ಪೇ ಸಾಕು. ತುಂಬಿದ್ದು ಅವನ ಕೈಯಲ್ಲಿ ಚೆಲ್ಲುತ್ತದೆ. "ಡಾಕ್ಟ್ರಿಗೆ ತೋರ್ಸೋ" ಎಂದೆ ಮೊನ್ನೆ. ನಡುಗುವ ಕೈಯನ್ನು ಇನ್ನೊಂದರಿಂದ ಮುಚ್ಚಿಕೊಂಡು, "ಬೇಡ ಕಣೋ, ಅವ್ರು ಯಾವಾಗ್ನಿಂದ ಅಂತ ಕೇಳಿ ತಾರೀಖು ಹಾಕಿ ಬರ್ಕೊಂಬಿಡ್ತಾರೆ" ಎಂದ.