ಮಗಳ ಬಸ್ಸನ್ನು ತಿದ್ದಿದ್ದು

ಮಕ್ಕಳ ಕೈಕೆಲಸದ ಪ್ರದರ್ಶನಕ್ಕೆ ಹೋದರೆ ನಾನು ಈಗ ಮೊದಲು ನೋಡುವುದು ಅಂಟನ್ನು. ಅಂಟು ಅಂಚಿನಿಂದ ಉಕ್ಕಿ, ಇಳಿದು, ಒಣಗಿ, ಅದರಲ್ಲೊಂದು ಬೆರಳಿನ ಗುರುತೂ ಒಂದು ಕೂದಲೂ ಸಿಕ್ಕಿಕೊಂಡಿದ್ದರೆ ಅದು ಮಗುವಿನ ಕೆಲಸ. ಅಂಟು ಎಲ್ಲೂ ಕಾಣದಿದ್ದರೆ ಆ ಕೋಣೆಯಲ್ಲೇ ಎಲ್ಲೋ ಒಬ್ಬ ತಂದೆ ಕೈಗಳನ್ನು ಹಿಂದೆ ಕಟ್ಟಿಕೊಂಡು, ಸೂರು ನೋಡುತ್ತಾ, ತನಗೂ ಅದಕ್ಕೂ ಸಂಬಂಧವಿಲ್ಲದವನಂತೆ ನಿಂತಿರುತ್ತಾನೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಹೋದ ವರ್ಷ ವಿರಾಜಪೇಟೆಯ ಶಾಲೆಯೊಂದರಲ್ಲಿ ಹಾಗೆ ಸೂರು ನೋಡುತ್ತಾ ನಿಂತಿದ್ದವನು ನಾನೇ.

ನಾನು ವಾರಪತ್ರಿಕೆಯೊಂದರ ವರದಿಗಾರ. ನಮ್ಮ ಸಂಪಾದಕರ ನಿಯಮ ಸರಳವಾದದ್ದು: ನೋಡಿದ್ದನ್ನು ಬರೆ, ಕೇಳಿದ್ದಾದರೆ ಯಾರಿಂದ ಕೇಳಿದೆ ಎಂದು ಬರೆ, ಎರಡೂ ಅಲ್ಲದಿದ್ದರೆ ಬರೆಯಬೇಡ. ಮೈಸೂರಿಗೆ ಸೇರದೆ ಬೇರೆಯೇ ಉಳಿದಿರುವ ಕೊಡಗಿನಂಥ ಪುಟ್ಟ ರಾಜ್ಯದಲ್ಲಿ ಈ ನಿಯಮವನ್ನು ಮುರಿಯುವುದು ಸುಲಭವೂ ಅಲ್ಲ. ಮದರಾಸಿನ ಪತ್ರಿಕೆ ತಪ್ಪು ಬರೆದರೆ ಓದುವವನು ಪುಟ ತಿರುವುತ್ತಾನೆ. ನಮ್ಮಲ್ಲಿ ತೊರೆ ದಾಟುವ ಕಾಲುಸಂಕದ ಒಂದು ಹಲಗೆ ಮುರಿಯಿತು ಎಂದು ಬರೆದರೆ, ಮುರಿದದ್ದು ಎರಡು ಹಲಗೆ ಎಂದು ಹೇಳಲು ಅದರ ಮೇಲೆ ಕಾಲಿಟ್ಟವನೇ ಕಚೇರಿಗೆ ಬರುತ್ತಾನೆ, ಬರುವಾಗ ಮೊಣಕಾಲಿನ ಗಾಯವನ್ನೂ ತರುತ್ತಾನೆ. ಹೀಗೆ ಓದುಗರ ಭಯದಲ್ಲಿ ಪ್ರಾಮಾಣಿಕನಾಗಿ ಬದುಕಿದ ನಾನು ಗೊತ್ತಿದ್ದೂ ಗೊತ್ತಿದ್ದೂ ಒಂದೇ ಒಂದು ಸುಳ್ಳನ್ನು ಅಚ್ಚಿಗೆ ಕೊಟ್ಟಿದ್ದೇನೆ. ಅದು ಒಂದೇ ಪದದ ಸುಳ್ಳು. ಆ ಪದ ‘ಸ್ವಹಸ್ತದಿಂದ’.

ನನ್ನ ಮಗಳು ಸುಶೀಲೆ ನಾಲ್ಕನೆಯ ತರಗತಿ. ಕೈಕೆಲಸ ಕಲಿಸುವ ದೇವಕ್ಕಿ ಟೀಚರ್ ಆ ಸಲ ಒಂದು ಷರತ್ತು ಹಾಕಿದ್ದರು. ಅಂಗಡಿಯಿಂದ ಏನನ್ನೂ ತರಬಾರದು. ಮನೆಯವರು ಬೇಡವೆಂದು ಬಿಟ್ಟದ್ದರಿಂದಲೇ ಏನಾದರೂ ಮಾಡಿ ತರಬೇಕು. ಕೇಳಲು ಸುಲಭ. ಆದರೆ ನಮ್ಮಂಥ ಮನೆಗಳಲ್ಲಿ ಬೇಡವೆಂದು ಬಿಟ್ಟ ವಸ್ತು ಸಿಗುವುದೇ ದುರ್ಲಭ. ಹಳೆಯ ಸೀರೆ ಕೌದಿಯಾಗುತ್ತದೆ, ಕೌದಿ ಕಾಲೊರಸಾಗುತ್ತದೆ, ಕಾಲೊರಸು ಒಲೆಯಿಂದ ಪಾತ್ರೆ ಇಳಿಸುವ ಬಟ್ಟೆಯಾಗುತ್ತದೆ. ಯುದ್ಧದ ಕಾಲದ ಸೀಮೆಎಣ್ಣೆ ಡಬ್ಬ ಇಂದಿಗೂ ನಮ್ಮ ಬಚ್ಚಲಿನಲ್ಲಿ ಸೇವೆಯಲ್ಲಿದೆ. ನಾನು ಬರೆಯುವ ಪತ್ರಿಕೆಯೂ ಗುರುವಾರ ಸುದ್ದಿ, ಶನಿವಾರ ಕಪಾಟಿನ ಹಾಸು, ಮುಂದಿನ ವಾರ ಕರಿಮೆಣಸಿನ ಪೊಟ್ಟಣ. ನಿಜವಾಗಿ ಯಾರಿಗೂ ಬೇಡವಾದದ್ದು ಎಂದರೆ ಕೊಡೆ ಮಾತ್ರ. ಕೊಡಗಿನ ಯಾವ ಮನೆಯ ಮೂಲೆಯಲ್ಲಿ ನೋಡಿದರೂ ನಾಲ್ಕಾರು ಮಳೆಗಾಲ ಕಂಡು ಮುರಿದ ಕೊಡೆಗಳು ಒಂದರ ಮೇಲೊಂದು ಒರಗಿ ನಿಂತಿರುತ್ತವೆ. ಎಸೆಯಲು ಮನಸ್ಸಿಲ್ಲ, ಬಿಚ್ಚಲು ಬರುವುದಿಲ್ಲ.

ಸುಶೀಲೆ ಅಲ್ಲಿಂದ ಶುರುಮಾಡಿದಳು. ಆಮೇಲೆ ಅಡುಗೆಮನೆಗೆ ಬಂದಳು. ಎರಡನೆಯ ದಿನ ನನ್ನ ಹೆಂಡತಿ ಕಮಲ ಬಾಗಿಲಲ್ಲಿ ನಿಂತು ದೂರು ಕೊಟ್ಟಳು.

“ಈ ಮನೇಲಿ ಒಂದು ಡಬ್ಬಿಗೂ ಮುಚ್ಚಳ ಉಳಿದಿಲ್ಲ ಕಣ್ರೀ. ಸಾಸಿವೆನ ಬಟ್ಟಲಿಗೆ ಸುರಿದು ಡಬ್ಬಿ ತಗೊಂಡು ಹೋಗವ್ಳೆ. ಕೇಳಿದ್ರೆ, ‘ಖಾಲಿ ಆಗಿತ್ತಮ್ಮ’ ಅಂತಾಳೆ.”

ವಾರದ ಕೊನೆಗೆ ಜಗಲಿಯ ಮೇಲೆ ಒಂದು ಬಸ್ಸು ನಿಂತಿತು. ಬೂಟ್ಸಿನ ರಟ್ಟಿನ ಪೆಟ್ಟಿಗೆ ಅದರ ಒಡಲು. ಕೊಡೆಯ ಕಡ್ಡಿಗಳು ಅಚ್ಚು. ಮೂರು ಚಕ್ರ ಪಾಲಿಶ್ ಡಬ್ಬಿಯ ಮುಚ್ಚಳಗಳು. ನಾಲ್ಕನೆಯದು ಸಿಗದೆ ನಸ್ಯದ ಡಬ್ಬಿಯ ಮುಚ್ಚಳ ಹಾಕಿದ್ದರಿಂದ ಬಸ್ಸು ಸದಾ ತಿರುವಿನಲ್ಲಿರುವಂತೆ ವಾಲಿಕೊಂಡಿತ್ತು. ಸಿದ್ದಾಪುರದ ದಾರಿ ಬಲ್ಲವರು ಇದನ್ನು ತಪ್ಪೆನ್ನಲಾರರು. ಪ್ರಯಾಣಿಕರೆಲ್ಲ ನೂಲು ಮುಗಿದ ರೀಲುಗಳು, ಒಂದೊಂದಕ್ಕೂ ಮಸಿಯಲ್ಲಿ ಬರೆದ ಕಣ್ಣು ಬಾಯಿ. ಮಡಿಲಲ್ಲಿ ಕೋಳಿ ಇಟ್ಟುಕೊಂಡ ಒಬ್ಬ ಅಜ್ಜಿ ಇದ್ದಳು. ಕಂಡಕ್ಟರ್ ಛಾವಣಿಯ ಮೇಲೆ, ಸಾಮಾನಿನ ನಡುವೆ ಅಂಗಾತ ಮಲಗಿದ್ದ. ಹಿಂದಿನ ಸೀಟಿನ ಮೂಲೆಯಲ್ಲಿ ಒಬ್ಬ ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದ.

“ಇವನ್ಯಾಕೆ ಹಂಗೆ ಕೂತವ್ನೆ?” ಎಂದೆ.

“ಅವನಿಗೆ ವಾಂತಿ ಬರ್ತೈತೆ,” ಎಂದಳು ಸುಶೀಲೆ. “ಹೇಳ್ಕೊಳ್ಳಾಕೆ ನಾಚಿಕೆ.”

ಇಷ್ಟೆಲ್ಲ ಜನರನ್ನು ಕೂರಿಸಿ, ಹರಿದ ಕೊಡೆಯ ಕಪ್ಪು ಬಟ್ಟೆಯಿಂದ ಎರಡು ಬದಿಗೂ ಪರದೆ ಹೊಲಿದು ಪೂರ್ತಿ ಇಳಿಬಿಟ್ಟಿದ್ದಳು. ಹೊರಗಿನಿಂದ ನೋಡಿದರೆ ಒಳಗೆ ಯಾರಿದ್ದಾರೆಂದೇ ತಿಳಿಯುತ್ತಿರಲಿಲ್ಲ.

“ಪರದೆ ಯಾಕವ್ವ ಇಳಿಸಿದೀಯ? ಒಳಗಿರೋರು ಕಾಣೋದೇ ಇಲ್ವಲ್ಲ.”

“ಮಳೆ ಬರ್ತೈತಲ್ಲಪ್ಪ. ನೋಡ್ಬೇಕು ಅನ್ನೋರು ಎತ್ತಿ ನೋಡ್ಲಿ.”

ಈ ಉತ್ತರವನ್ನು ಕೇಳಿ ನಾನು ಸುಮ್ಮನಿರಬೇಕಿತ್ತು.

ಭಾನುವಾರ ಮಧ್ಯಾಹ್ನ ತಾಯಿ ಮಗಳು ಪಕ್ಕದ ಬೀದಿಗೆ ನಾಮಕರಣದ ಊಟಕ್ಕೆ ಹೋದರು. ನಾನು ಬ್ಲೇಡು ಹಿಡಿದು ಬಸ್ಸಿನ ಮುಂದೆ ಕೂತೆ. ಒಂದು ಚಕ್ರ ಸಡಿಲವಿತ್ತು, ಅದನ್ನಷ್ಟೇ ಬಿಗಿ ಮಾಡುವ ಉದ್ದೇಶ. ದೇವರಾಣೆ ಬೇರೆ ಉದ್ದೇಶವಿರಲಿಲ್ಲ. ಆದರೆ ಬೇರೆಯವರ ಬರಹದಲ್ಲಿ ಒಂದು ಅಲ್ಪವಿರಾಮ ಸರಿಪಡಿಸಲು ಕೂತವನು ಎಂದಾದರೂ ಅಲ್ಪವಿರಾಮಕ್ಕೇ ನಿಲ್ಲಿಸಿ ಎದ್ದದ್ದುಂಟೇ? ಚಕ್ರ ಬಿಗಿಯಾದ ಮೇಲೆ ನಸ್ಯದ ಮುಚ್ಚಳ ಕಣ್ಣಿಗೆ ಚುಚ್ಚಿತು. ನನ್ನ ಪಾಲಿಶ್ ಡಬ್ಬಿಯನ್ನೇ ಖಾಲಿ ಮಾಡಿ ಅದರ ಮುಚ್ಚಳ ಹಾಕಿದೆ. ಬಸ್ಸು ನೆಟ್ಟಗಾಯಿತು. ಮುಖ್ಯ ವಿಷಯ ಮೊದಲಿಗೇ ಕಾಣಬೇಕು ಎಂಬುದು ನಮ್ಮ ವೃತ್ತಿಯ ಪಾಠ, ಪರದೆ ಕಿತ್ತುಹಾಕಿದೆ. ಪರದೆ ಹೋದ ಮೇಲೆ ವಾಂತಿಯವನು ಎದ್ದು ಕಂಡ. ದೊಡ್ಡವರು ನೋಡುವ ಜಾಗದಲ್ಲಿ ಅದು ಸಭ್ಯವಲ್ಲ ಎಂದು ಅವನನ್ನು ತೆಗೆದೆ. ಕಂಡಕ್ಟರನನ್ನು ಇಳಿಸಿ ಬಾಗಿಲಲ್ಲಿ ನಿಲ್ಲಿಸಿದೆ. ಅವಳು ಬರೆದಿದ್ದ ಫಲಕದ ಅಕ್ಷರಗಳು ಗಾಳಿಗೆ ಬಾಗಿದ ಹಾಗಿದ್ದವು. ಅದರ ಮೇಲೆ ಹೊಸ ಕಾಗದ ಅಂಟಿಸಿ ‘ವಿರಾಜಪೇಟೆ – ಸಿದ್ದಾಪುರ’ ಎಂದು ಅಚ್ಚುಕೂಟದ ಸೀಸದ ಮೊಳೆಯಂಥ ಅಕ್ಷರಗಳಲ್ಲಿ ಬರೆದೆ. ಗೇಟಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣವನ್ನು ಎರಡು ಸಲ ಹಚ್ಚಿದೆ. ಉಳಿದ ಬಣ್ಣವಾದ್ದರಿಂದ ಟೀಚರ್ ಷರತ್ತನ್ನು ಮುರಿದಂತಾಗಲಿಲ್ಲ ಎಂದು ಸಮಾಧಾನವನ್ನೂ ಹೇಳಿಕೊಂಡೆ. ಶಿಸ್ತಿನ ಮನುಷ್ಯ ತಪ್ಪು ಮಾಡುವಾಗಲೂ ನಿಯಮಾವಳಿ ನೋಡಿಕೊಂಡೇ ಮಾಡುತ್ತಾನೆ.

ಸುಶೀಲೆ ಬಂದು ಬಸ್ಸನ್ನು ಒಂದು ಸುತ್ತು ಸುತ್ತಿ ನೋಡಿದಳು.

“ವಾಂತಿ ಬರ್ತಿದ್ದೋನು ಎಲ್ಲಿ?”

“ಅವನ ಊರು ಬಂತು, ಇಳಿದುಹೋದ,” ಎಂದೆ.

ಅವಳು ನಗಲಿಲ್ಲ. “ಚೆನ್ನಾಗೈತೆ,” ಎಂದು ಹೇಳಿ ಕಾಲು ತೊಳೆಯಲು ಹೋದಳು. ಮಕ್ಕಳು ದೊಡ್ಡವರಿಗೆ ಹೇಳುವ ‘ಚೆನ್ನಾಗೈತೆ’ಯನ್ನು ನಾನು ಅದಕ್ಕೆ ಮೊದಲು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

ಕಮಲ ಮಾತ್ರ ಕೇಳಿದಳು: “ಕೂಸು ಆಡೋ ಸಾಮಾನು ಕಿತ್ಕೊಂಡು ಕೂತು ನೀವು ಆಡಿದ್ರಾ?”

ಮನೆಯಲ್ಲಿ ಬೇಡವಾದದ್ದರಿಂದ ಗೊಂಬೆ ಮಾಡಿದ ಮೊದಲನೆಯವಳು ಪಾರ್ವತಿಯೇ ಇರಬೇಕು ಎಂದು ಆಮೇಲೆ ನನಗೆ ಹೊಳೆಯಿತು. ಸ್ನಾನಕ್ಕೆ ಕೂತವಳು ಮೈಯ ಕೊಳೆಯನ್ನು ತಿಕ್ಕಿ ತೆಗೆದು, ಅದಕ್ಕೊಂದು ಆಕಾರ ಕೊಟ್ಟು, ಬಾಗಿಲಲ್ಲಿ ನಿಲ್ಲಿಸಿದಳು. ಅಂಗಡಿಯದ್ದು ಏನೂ ಇಲ್ಲ; ದೇವಕ್ಕಿ ಟೀಚರ್ ಆಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಅಷ್ಟರಲ್ಲಿ ಮನೆಯ ಯಜಮಾನ ಬಂದ. ತಲೆ ಕಡಿದ. ಆಮೇಲೆ ಮನೆಯಲ್ಲಿ ಗಲಾಟೆಯಾದದ್ದರಿಂದ, ತನ್ನವರಿಗೆ ಸಿಕ್ಕ ಇನ್ನೊಂದು ತಲೆಯನ್ನು ತರಿಸಿ ಜೋಡಿಸಿದ. ನಾವೆಲ್ಲ ಚೌತಿಯಲ್ಲಿ ಆ ಹೊಸ ತಲೆಯನ್ನೇ ಹೊಗಳಿ ಕಡುಬು ತಿನ್ನುತ್ತೇವೆ. ಪಾರ್ವತಿ ಮಾಡಿದ್ದ ಮೊದಲಿನ ಮುಖ ಹೇಗಿತ್ತು ಎಂದು ಒಬ್ಬರೂ ಕೇಳುವುದಿಲ್ಲ. ಶಿವನಿಗಾದರೂ ಅದು ಯಾರ ಕೈಕೆಲಸವೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಪ್ರದರ್ಶನದ ದಿನ ತೀರ್ಪುಗಾರರಾಗಿ ಬಂದಿದ್ದ ಅಧಿಕಾರಿಗಳು ಬಸ್ಸಿನ ಮುಂದೆ ನಿಂತು, “ಅಂಗಡಿಯಲ್ಲಿ ಕೊಂಡ ಹಾಗೇ ಇದೆ,” ಎಂದು ಮೆಚ್ಚಿದರು. ಅಂಗಡಿಯದ್ದು ಬೇಡವೆಂದು ಏರ್ಪಡಿಸಿದ ಪ್ರದರ್ಶನದಲ್ಲಿ ಅದೇ ಮೆಚ್ಚುಗೆಗೆ ಮೊದಲ ಬಹುಮಾನ ಬಂತು. ಎರಡನೆಯದು ತೆಂಗಿನ ಚಿಪ್ಪಿನ ಹಸುವಿಗೆ. ಅದರ ಒಂದು ಕೊಂಬು ಉದ್ದ, ಇನ್ನೊಂದು ಮೊಂಡು. ಮಕ್ಕಳೆಲ್ಲ ಹಸುವಿನ ಸುತ್ತಲೇ ಇದ್ದರು. ದೇವಕ್ಕಿ ಟೀಚರ್ ಬಸ್ಸನ್ನು ನೋಡಿದರು, ಫಲಕದ ಅಕ್ಷರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಸೂರು ನೋಡುತ್ತಿದ್ದೆ.

ಮರುದಿನ ವರದಿ ಬರೆದೆ. ವಿದ್ಯಾರ್ಥಿನಿ ನನ್ನ ಮಗಳು ಎಂದು ಹೇಳಲಿಲ್ಲ. ಅದು ವಿನಯ ಎಂದುಕೊಂಡೆ. ‘ಸ್ವಹಸ್ತದಿಂದ ತಯಾರಿಸಿದ ಬಸ್ಸು’ ಎಂದು ಬರೆದೆ. ಬರೆಯುವಾಗ ಲೇಖನಿ ಒಂದು ಕ್ಷಣ ನಿಂತಿತು, ಸುಳ್ಳೇಕೆ ಹೇಳಲಿ. ಮೇಲಿನ ಮೂರು ವಾಕ್ಯಗಳನ್ನು ಇನ್ನೊಮ್ಮೆ ಓದಿ, ಕೆಳಗಿನದಕ್ಕೆ ಹೋದೆ. ಗುರುವಾರ ಅದು ಅಚ್ಚಾಯಿತು.

ಶನಿವಾರ ಶಾಲೆ ಬಿಟ್ಟ ಮೇಲೆ ದೇವಕ್ಕಿ ಟೀಚರ್ ನಮ್ಮ ಕಚೇರಿಗೆ ಬಂದರು. ಕೊಡೆಯನ್ನು ಬಾಗಿಲಿಗೆ ಒರಗಿಸಿ, ಕೊಟ್ಟ ಕುರ್ಚಿಯಲ್ಲಿ ಕೂತರು.

“ಮೊದಲ ಬಹುಮಾನದ್ದು ಮಡಿಕೇರಿಯ ಪ್ರದರ್ಶನಕ್ಕೆ ಹೋಗಬೇಕು. ಮಾಡಿದ ಮಗು ಪಕ್ಕದಲ್ಲಿ ನಿಂತು ಹೇಗೆ ಮಾಡಿದ್ದು ಅಂತ ಹೇಳಬೇಕು. ಸುಶೀಲ ಬರುದಿಲ್ಲ ಅಂತಾಳೆ.”

“ಸಂಕೋಚ ಇರಬೇಕು ಟೀಚರ್. ನಾನು ಹೇಳ್ತೀನಿ.”

“ಸಂಕೋಚ ಎಂಥದ್ದೂ ಇಲ್ಲ ಅವಳಿಗೆ. ತರಗತಿಯಲ್ಲಿ ಬಾಯಿ ಮುಚ್ಚಿಸುದೇ ನನ್ನ ಕೆಲಸ.” ಅವರು ಸೆರಗಿನ ಅಂಚಿನ ನೀರು ಹಿಂಡಿದರು. “ನೀವು ಮಾಡಿದ್ದು ಅಂತ ನನಗೆ ಅವತ್ತೇ ಗೊತ್ತಾಯ್ತು. ಅವಳಿಗೆ ಹೇಳಿದೆ, ಮಡಿಕೇರಿಯಲ್ಲಿ ನಿಜ ಹೇಳಿಬಿಡು, ಯಾರೂ ಬಯ್ಯುದಿಲ್ಲ ಅಂತ. ಅದಕ್ಕೆ ಅವಳು ಎಂಥ ಹೇಳಿದ್ಳು ಗೊತ್ತುಂಟಾ? ‘ಪೇಪರಲ್ಲಿ ಬಂದಾಯ್ತಲ್ಲ ಟೀಚರ್. ನಾನು ನಿಜ ಹೇಳಿದ್ರೆ ನಮ್ಮಪ್ಪನ ಪೇಪರ್ ಸುಳ್ಳಾಗ್ತದೆ’ ಅಂತ.”

ನಾನು ಮೇಜಿನ ಮೇಲಿನ ಪ್ರೂಫನ್ನು ನೋಡುತ್ತಾ ಕೂತೆ. ಅದರಲ್ಲಿ ಯಾವ ತಪ್ಪೂ ಕಾಣಲಿಲ್ಲ.

“ಈಗ ಕೈಕೆಲಸದ ಪೀರಿಯಡ್ಡಿನಲ್ಲಿ ಸುಮ್ಮನೆ ಕೈಕಟ್ಟಿ ಕೂರ್ತಾಳೆ,” ಎಂದರು ಟೀಚರ್. “ಮಾಡು ಅಂದ್ರೆ, ‘ನಂಗೆ ಚೆನ್ನಾಗಿ ಬರುದಿಲ್ಲ’ ಅಂತಾಳೆ. ಮೊದಲು ಹಾಗೆ ಹೇಳ್ತಿರ್ಲಿಲ್ಲ. ಅಷ್ಟು ಹೇಳುವಾ ಅಂತ ಬಂದೆ.”

ಅವರು ಹೋದ ಮೇಲೂ ಆ ಕುರ್ಚಿಯನ್ನು ನೋಡಲು ನನಗೆ ಕಷ್ಟವಾಯಿತು. ಹತ್ತು ವರ್ಷದ ಹುಡುಗಿಯ ಮುಂದೆ ನಾನು ಎರಡು ದಾರಿ ಇಟ್ಟಿದ್ದೆ: ನೂರು ಜನರೆದುರು ಸುಳ್ಳು ಹೇಳುವುದು, ಅಥವಾ ಅಪ್ಪನನ್ನು ಸುಳ್ಳುಗಾರನೆಂದು ತೋರಿಸುವುದು. ಅವಳು ಮೂರನೆಯದನ್ನು ಹುಡುಕಿಕೊಂಡಿದ್ದಳು. ಕೈಗಳನ್ನೇ ಕಟ್ಟಿಬಿಟ್ಟಿದ್ದಳು.

ಪತ್ರಿಕೆಯವನಿಗೆ ಗೊತ್ತಿರುವ ಪ್ರಾಯಶ್ಚಿತ್ತ ಒಂದೇ, ತಿದ್ದುಪಡಿ. ಸಂಪಾದಕರಿಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಬರೆದು ಕೊಡಿ,” ಎಂದರು.

ಭಾನುವಾರ ಬೆಳಿಗ್ಗೆ ಬರೆದೆ. ಇಡೀ ಒಂದು ಪುಟವಾಯಿತು. ವರದಿಗಾರನ ಹೊಣೆ, ಪಿತೃವಾತ್ಸಲ್ಯದ ಕುರುಡು, ಸತ್ಯದ ಹಾದಿಯಲ್ಲಿ ಕಾಲು ಜಾರುವ ಬಗೆ ಎಲ್ಲವೂ ಅದರಲ್ಲಿತ್ತು. ಎರಡು ಕಡೆ ನನ್ನ ಕಣ್ಣೇ ಒದ್ದೆಯಾಯಿತು. ಕೊನೆಗೆ, ‘ಸದರಿ ಬಸ್ಸನ್ನು ತಯಾರಿಸಿದವನು ವಿದ್ಯಾರ್ಥಿನಿಯ ತಂದೆಯೇ ಆದ ಈ ವರದಿಗಾರನೆಂದು ವಿಷಾದದಿಂದ ತಿಳಿಸುತ್ತೇವೆ’ ಎಂದು ಮುಗಿಸಿದ್ದೆ. ಅಚ್ಚಿಗೆ ಹೋಗುವ ಮೊದಲು ಸಂಬಂಧಪಟ್ಟವರು ನೋಡಬೇಕಲ್ಲ; ಜಗಲಿಗೆ ಹೋಗಿ ಸುಶೀಲೆಯ ಕೈಗೆ ಕೊಟ್ಟೆ.

ಅವಳು ನಿಧಾನವಾಗಿ, ತುಟಿ ಆಡಿಸುತ್ತಾ ಪೂರ್ತಿ ಓದಿದಳು.

“ಇದ್ರಲ್ಲಿ ಎಲ್ಲಾ ನಿನ್ ವಿಷ್ಯನೇ ಐತೆ,” ಎಂದಳು.

“ತಪ್ಪು ನಂದಲ್ವ?”

“ಹೂಂ.” ಇನ್ನೊಮ್ಮೆ ಕೊನೆಯ ಸಾಲಿಗೆ ಬಂದಳು. ಅಲ್ಲಿ ಬೆರಳಿಟ್ಟಳು. “ಇದು ಸುಳ್ಳು.”

“ಯಾವುದು?”

“ಬಸ್ ಮಾಡಿದ್ದು ನೀನಲ್ಲ. ಬಸ್ ಮಾಡಿದ್ದು ನಾನು. ನೀನು ಕೆಡಿಸಿದ್ದು.”

ಪೆನ್ಸಿಲು ಕೊಡು ಎಂದು ಕೈ ಚಾಚಿದಳು. ಕೊಟ್ಟೆ. ನನ್ನ ಸತ್ಯವನ್ನೂ ವಾತ್ಸಲ್ಯವನ್ನೂ ಒದ್ದೆ ಕಣ್ಣನ್ನೂ ಒಂದೇ ಉದ್ದ ಗೀಟಿನಲ್ಲಿ ಹೊಡೆದು, ಕೆಳಗೆ ತನ್ನ ವಾಲಿದ ಅಕ್ಷರಗಳಲ್ಲಿ ಎರಡು ಸಾಲು ಬರೆದಳು. ಸಂಪಾದಕರು ಅದನ್ನು ಓದಿ, “ಇದರಲ್ಲಿ ತೆಗೆಯುವಂಥದ್ದು ಏನಿಲ್ಲ,” ಎಂದು ಹಾಗೆಯೇ ಅಚ್ಚಿಗೆ ಕಳಿಸಿದರು. ನನ್ನ ಬರಹದ ಬಗ್ಗೆ ಅವರು ಆ ಮಾತನ್ನು ಎಂದೂ ಹೇಳಿದವರಲ್ಲ. ಅಚ್ಚಾದದ್ದು ಇಷ್ಟೇ: ‘ಕಳೆದ ವಾರದ ಬಸ್ಸನ್ನು ಮಾಡಿದ್ದು ಸುಶೀಲ. ಆಮೇಲೆ ಅದನ್ನು ಕೆಡಿಸಿದ್ದು ಅವಳ ಅಪ್ಪ, ಈ ಪತ್ರಿಕೆಯ ವರದಿಗಾರ.’

ಮಡಿಕೇರಿಗೆ ತೆಂಗಿನ ಚಿಪ್ಪಿನ ಹಸು ಹೋಯಿತು. ಒಂದು ತಿಂಗಳು ನಾನು ಪೇಟೆಯಲ್ಲಿ ತಲೆ ತಗ್ಗಿಸಿ ಓಡಾಡಿದೆ. ತಗ್ಗಿಸಿದ್ದೂ ಉಪಯೋಗಕ್ಕೆ ಬರಲಿಲ್ಲ. ಬಸ್ ನಿಲ್ದಾಣದಲ್ಲಿ ಡ್ರೈವರೊಬ್ಬ, “ನಮ್ಮ ಬಸ್ಸಿನ ತಂಟೆಗೆ ಮಾತ್ರ ಬರ್ಬೇಡಿ ಸ್ವಾಮಿ, ಹೇಗೋ ಓಡ್ತಾ ಉಂಟು,” ಎಂದ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ನಾಚಿಕೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಾರೆ. ಇರಬಹುದು. ಆದರೆ ಅದಕ್ಕೂ ಮುಂದಿನ ಸಾಲಿನಲ್ಲಿ ಕೂರುವ ಚಟವುಂಟು. ತಪ್ಪು ಮಾಡುವಾಗ ನಾನು ಮಗಳ ಬಸ್ಸಿನ ಮುಂದೆ ಕೂತಿದ್ದೆ. ತಪ್ಪೊಪ್ಪಿಕೊಳ್ಳುವಾಗಲೂ ಅಲ್ಲಿಂದ ಏಳದೆ, ಮಾಡಿದವನು ನಾನೇ ಎಂದು ಬರೆಯಲು ಹೊರಟಿದ್ದೆ. ಅವಳು ಎಬ್ಬಿಸಿದಳು.

ಈಚೆಗೆ ಸುಶೀಲೆ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಏನೋ ಮಾಡುತ್ತಿದ್ದಾಳೆ. ಬಡಿಯುವ ಸದ್ದು ಕೇಳುತ್ತದೆ, ಬಾಗಿಲು ಹಾಕಿರುತ್ತದೆ. ಅದು ಏನೆಂದು ನಾನು ನೋಡಿಲ್ಲ, ಯಾರಿಂದಲೂ ಕೇಳಿಲ್ಲ. ಆದ್ದರಿಂದ ಬರೆಯುವುದಿಲ್ಲ.