ನಾನು ನೋಡದ ಪಂದ್ಯಗಳು

ಯಾನಾ, ನಿಮ್ಮ ಅಪ್ಪನ ಜೊತೆ ಬಾಸ್ಕೆಟ್‌ಬಾಲ್ ನೋಡುತ್ತಿದ್ದೆ ಎಂದು ನಾನು ಹೇಳಿದ್ದು ಸುಳ್ಳು. ಮೊದಮೊದಲು ಒಂದೆರಡು ಪಂದ್ಯ ನೋಡಿದೆ — ಆಮೇಲೆ ಒಂದನ್ನೂ ನೋಡಲಿಲ್ಲ. ನಿಮಗೆ ಕನ್ನಡ ಬರುವುದಿಲ್ಲ. ಅದಕ್ಕೇ ಇರಬೇಕು, ಮೊದಲು ಕನ್ನಡದಲ್ಲೇ ಬರೆಯುವ ಧೈರ್ಯ ಬಂದಿರುವುದು.

ಎರಡೂ ಮನೆಯವರು ವಲಸೆ ಬಂದು ನೆಲೆಸಿದ ಈ ಲೂಕನ್ ಊರಿನಲ್ಲಿ ನಮ್ಮದೂ ನಿಮ್ಮ ಅಪ್ಪ ಮಿರೆಕ್ ಅವರದೂ ಅಂಟಿಕೊಂಡ ಮನೆಗಳು, ನಡುವೆ ಒಂದೇ ಗೋಡೆ. ನಿಮ್ಮ ಅಮ್ಮ ತೀರಿಕೊಂಡ ಮೇಲೆ ಅವರು ಒಬ್ಬರೇ. ಲಾಕ್‌ಡೌನ್ ಬಂದು ವಯಸ್ಸಾದವರು ಹೊರಗೆ ಕಾಲಿಡಬಾರದು ಎಂದಾಗ ಅವರಿಗೆ ಉಳಿದದ್ದು ಜೆಕ್ ದೇಶದ ತಮ್ಮ ಪುಟ್ಟ ಊರಿನ ಕ್ಲಬ್‌ನ ಬಾಸ್ಕೆಟ್‌ಬಾಲ್ ಪಂದ್ಯಗಳನ್ನು ಇಂಟರ್ನೆಟ್‌ನಲ್ಲಿ ನೋಡುವುದು ಮಾತ್ರ. ಅಲ್ಲೂ ಖಾಲಿ ಕ್ರೀಡಾಂಗಣದಲ್ಲೇ ಆಟ. ಆದರೂ ಪ್ರಾಗ್‌ನಂಥ ದೊಡ್ಡ ನಗರದ ತಂಡಗಳಿಗೆ ಮಣ್ಣು ಮುಕ್ಕಿಸಿ ವರ್ಷ ವರ್ಷವೂ ಆ ಕ್ಲಬ್ಬಿನವರೇ ಚಾಂಪಿಯನ್. ಅದನ್ನು ಹೇಳುವಾಗ ಆ ಮನುಷ್ಯನ ಬೆನ್ನು ನೆಟ್ಟಗಾಗುತ್ತಿತ್ತು.

ಬೇಲಿಯಾಚೆಯಿಂದ ಒಂದು ದಿನ ಸಂಕೋಚದಿಂದ ಕೇಳಿದರು: "ನೀವೂ ನಿಮ್ಮ ಮನೇಲಿ ನೋಡಿ. ಗೆದ್ರೆ ಇಬ್ರೂ ಗೋಡೆ ತಟ್ಟೋಣ. ಒಬ್ನೇ ಗೆದ್ದು ಏನು ಮಾಡ್ಲಿ?"

ಒಪ್ಪಿದೆ. ಆದರೆ ಸದಾ ಗೆಲ್ಲುವವರ ಆಟ — ಬೇಜಾರು, ಯಾನಾ. ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಆಫೀಸಿನ ಕೆಲಸ, ಮತ್ತೆ ಅದೇ ಸ್ಕ್ರೀನ್... ಪಂದ್ಯ ಮುಗಿಯುವ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಟ್ಟೆ. ಅದು ಕೂಗಿದಾಗ ಒಗ್ಗರಣೆ ಸೌಟು ಹಿಡಿದೇ ಹೋಗಿ ಗೋಡೆ ತಟ್ಟುತ್ತಿದ್ದೆ. ಆಚೆಯಿಂದ ದಡದಡನೆ ಉತ್ತರ ಬರುತ್ತಿತ್ತು. ಹೇಗಿದ್ದರೂ ಅವರೇ ಗೆಲ್ಲುವುದು; ಸಿಕ್ಕಿಬೀಳುವ ಭಯವೇ ಇರಲಿಲ್ಲ.

"ಆಟ ನೋಡ್ದೇನೇ ಚಾಂಪಿಯನ್ ಆದೋಳು ನೀನೊಬ್ಳೇ ಕಣೇ," ಎಂದು ನನ್ನ ಗಂಡ ರೇಗಿಸಿದರು. ನಕ್ಕೆ. ಮಗಳು ಮಾತ್ರ ನಗಲಿಲ್ಲ. "ಅಮ್ಮಾ, ದಟ್ಸ್ ಮೀನ್, ಪಾಪ ಅವ್ರು," ಎಂದಳು.

ಒಂದು ಸಂಜೆ ಆ ತಂಡ ಸೋತಿತು. ನನಗೆ ಗೊತ್ತಿರಲಿಲ್ಲ — ಅಲಾರಂ ಕೂಗಿತು, ಎಂದಿಗಿಂತ ಜೋರಾಗಿ ತಟ್ಟಿದೆ. ಉತ್ತರ ಬರಲಿಲ್ಲ. ಕಿವಿಗೊಟ್ಟು ನಿಂತೆ... ಇಲ್ಲ.

ಮರುದಿನ ಅವರು ಜಗಳವಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಇಟ್ಸ್ ಗ್ರ್ಯಾಂಡ್," ಎಂದು ಈ ಊರಿನವರ ಹಾಗೆ 'ಪರವಾಗಿಲ್ಲ' ಎಂದರು, ಅಷ್ಟೆ. "ನಿಮ್ಗೆ ಕೆಲ್ಸ ಇರುತ್ತೆ. ಇನ್ನು ತೊಂದ್ರೆ ತಗೋಬೇಡಿ." ನಾನು ಕ್ಷಮೆ ಕೇಳಲಿಲ್ಲ — ಲಿಂಕ್ ಕೆಟ್ಟಿತ್ತು ಎಂದು ಇನ್ನೊಂದು ಸುಳ್ಳು ಹೇಳಿದೆ.

ಕೆಲವು ವಾರಗಳ ನಂತರ ಅವರಿಗೆ ಜ್ವರ ಬಂತು. ಉಸಿರು ಸಿಗದೆ ಒದ್ದಾಡಿದ್ದಾರೆ. ಗೋಡೆಯ ಈಚೆ ನಾನಿದ್ದೆ, ಯಾನಾ. ಅವರು ತಟ್ಟಲಿಲ್ಲ. ಅವರೇ ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬಂದಾಗಲೇ ನನಗೆ ತಿಳಿದದ್ದು. ಆಸ್ಪತ್ರೆಯಿಂದ ಅವರು ಮರಳಲಿಲ್ಲ. ತಟ್ಟಿದ್ದರೆ ಉಳಿಯುತ್ತಿದ್ದರೋ ಏನೋ — ಗೊತ್ತಿಲ್ಲ. ನನ್ನನ್ನು ಕರೆಯಬೇಕು ಎಂದು ಅವರಿಗೆ ಅನಿಸಲಿಲ್ಲ, ಅದು ಗೊತ್ತು.

ವಿಮಾನಗಳಿಲ್ಲದೆ ದೂರದ ದೇಶದಿಂದ ನಿಮಗೆ ಬರಲಾಗಲಿಲ್ಲ. ವೀಡಿಯೋ ಕಾಲ್‌ನಲ್ಲಿ ಅಳುತ್ತಾ ಹೇಳಿದಿರಿ: "ಪ್ರತಿ ಪಂದ್ಯಾನೂ ನೀವು ಜೊತೇಲೇ ನೋಡಿದ್ರಂತೆ. ಕೊನೇ ಫೋನಲ್ಲೂ ಅಪ್ಪ ಅದನ್ನೇ ಹೇಳಿದ್ರು." ನನ್ನ ಮಾನ ಉಳಿಸಿ ಹೋಗಿದ್ದರು. ಅಥವಾ ನಿಮಗೆ ಚಿಂತೆಯಾಗದಿರಲಿ ಎಂದೋ... ನಾನು ಹೌದು ಎಂದೆ. ಆಮೇಲೆ ನೀವು ಕೇಳಿದಾಗಲೆಲ್ಲ ಅವರು ಹೇಗೆ ಕೂಗುತ್ತಿದ್ದರು, ಹೇಗೆ ನಗುತ್ತಿದ್ದರು ಎಂದು ಕಥೆ ಕಟ್ಟಿದೆ. ನೀವು ಅದನ್ನು ನಂಬಿ ಸಮಾಧಾನಪಟ್ಟಿರಿ. ನನಗೆ ನಾಚಿಕೆಯಾಗುತ್ತದೆ.

ಈಗ ವಿಮಾನಗಳು ಮತ್ತೆ ಶುರುವಾಗಿವೆ; ಮುಂದಿನ ವಾರ ನೀವು ಮಗನನ್ನು ಕರೆದುಕೊಂಡು ಬರುತ್ತೀರಿ. ತಾತನ ಕೊನೆಯ ದಿನಗಳ ಬಗ್ಗೆ ಅವನು ನನ್ನ ಬಾಯಿಂದಲೇ ಕೇಳಬೇಕಂತೆ. ಅಡುಗೆ ಮಾಡಿಟ್ಟಿರುತ್ತೇನೆ. ಆದರೆ ಬಡಿಸುವ ಮೊದಲೇ ಹೇಳುತ್ತೇನೆ — ಆ ಸಂಜೆಗಳಲ್ಲಿ ಅವರ ಜೊತೆ ಯಾರೂ ಇರಲಿಲ್ಲ ಎಂದು. ಆಮೇಲೆ ನೀವು ಉಣ್ಣದೆ ಎದ್ದು ಹೋದರೆ ತಡೆಯುವುದಿಲ್ಲ.