ಒಂದು ಕೆಮ್ಮಿಗೆ ನಾಲ್ಕೂರಿನ ಬೆಲೆ

ರಂಗಯ್ಯ ಬಾಯಿತುಂಬ ನಕ್ಕ ಕೊನೆಯ ದಿನ ಒಂದು ಭಾನುವಾರ. ಚಿಕ್ಕಜಾಜೂರು ಸ್ಟೇಷನ್ನಿನ ಹೊರಗೆ ಅವನದೂ ಅವನ ಹೆಂಡತಿ ತಿಪ್ಪಮ್ಮನದೂ ಒಂದು ಟೀ ಅಂಗಡಿ. ಮೇಲೆ ತಗಡು, ಮುಂದೆ ಎರಡು ಬೆಂಚು, ಹಿಂದೆ ಗೋಣಿತಾಟಿನ ಮರೆ. ಕೆಲವು ತಿಂಗಳಿಂದ ತಿಪ್ಪಮ್ಮ ಗಂಡನನ್ನು ಮುಂದೆ ನಿಲ್ಲಲು ಬಿಡುತ್ತಿರಲಿಲ್ಲ. ಮರೆಯಲ್ಲಿ ಕೂತು ಈರುಳ್ಳಿ ಹೆಚ್ಚುವುದು, ಮೆಣಸಿನಕಾಯಿ ಸೀಳುವುದು ಅವನ ಪಾಲಿಗೆ ಉಳಿದ ಕೆಲಸ. ಆವತ್ತು ಹುಬ್ಬಳ್ಳಿ ಕಡೆಯ ಗಾಡಿ ತಡವಾಯಿತು. ಕಾದು ಬೇಸತ್ತ ಜನವೆಲ್ಲ ಅಂಗಡಿಗೆ ಮುಗಿಬಿತ್ತು. ಹೆಂಡತಿಯ ಎರಡು ಕೈ ಸಾಲದ್ದು ನೋಡಿ ರಂಗಯ್ಯ ತಾನೇ ಎದ್ದು ಬಂದು ಬಜ್ಜಿಯ ಬಾಣಲೆಯ ಮುಂದೆ ನಿಂತ.

ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ಮುರುಗೇಶಪ್ಪ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ.

"ಏನಪ್ಪ ರಂಗಯ್ಯ, ಇವತ್ತು ಬಿಡುಗಡೆ ಆತಾ?"

"ಜಾಮೀನಿನ ಮೇಲೆ ಬಂದೀನಿ. ಬಿರ್ರನೆ ತಿಂದು ಏಳು, ಮತ್ತೆ ಒಳಗೆ ಹಾಕ್ತಾಳೆ."

ಬೆಂಚಿನವರೆಲ್ಲ ನಕ್ಕರು. ರಂಗಯ್ಯನೂ ನಕ್ಕ. ನಗು ಕೆಮ್ಮಿಗೆ ತಿರುಗಿ, ಮುಖ ಆ ಕಡೆ ಮಾಡಿಕೊಂಡು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ. ತಿಪ್ಪಮ್ಮ ಟೀ ಸೋಸುತ್ತಲೇ ಬೆಂಚಿನವರ ಮುಖ ಒಂದೊಂದಾಗಿ ನೋಡಿದಳು. ಯಾರೂ ಗಮನಿಸಿರಲಿಲ್ಲ. ಮಧ್ಯಾಹ್ನ ಅವನು ಒಂದೂವರೆ ಮುದ್ದೆ ಉಂಡು, "ಮೈ ಹಗುರ ಐತೆ ತಿಪ್ಪಿ" ಎಂದ.

ಮಾರನೆಯ ಬೆಳಿಗ್ಗೆ ಮುಖ ತೊಳೆಯುವಾಗ ಬಾಯಿಂದ ರಕ್ತ ಬಂತು. ಚಿತ್ರದುರ್ಗದ ಸರ್ಕಾರಿ ಆಸ್ಪತ್ರೆಗೆ ಟೆಂಪೋದಲ್ಲಿ ಕೂರಿಸಿಕೊಂಡು ಹೋದರು. ಗುರುವಾರ ಮಲಗಿಸಿಕೊಂಡು ಬಂದರು.

ಹೆಣ ನೋಡಲು ಬಂದವರೆಲ್ಲ ಏನಾಗಿತ್ತು ಎಂದು ಕೇಳಿದರು. ತಿಪ್ಪಮ್ಮ ಎಲ್ಲರಿಗೂ ಒಂದೇ ಮಾತು ಹೇಳಿದಳು. "ದಮ್ಮಿತ್ತು." ಗಂಡನ ತಲೆಯ ಬಳಿ ಕೂತು ಹೇಳಿದ ಸುಳ್ಳು ಅದು. ದಮ್ಮಲ್ಲ ಎಂದು ಅವಳಿಗೆ ಎರಡು ವರ್ಷದಿಂದ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಮಗಳ ಮಗುವಿಗೆ ಹೆಸರಿಡಲು ಗಂಡಹೆಂಡಿರು ಹೊಸದುರ್ಗಕ್ಕೆ ಹೋಗಿದ್ದರು. ರಂಗಯ್ಯನಿಗೆ ಕೆಮ್ಮು ಹತ್ತಿ ತಿಂಗಳಾಗಿತ್ತು. ಅಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕದ ಡಾಕ್ಟರು ಒಂದು ಇಂಜೆಕ್ಷನ್ ಚುಚ್ಚಿ, ಒಂದು ಬಾಟಲಿ ಸಿರಪ್ಪು ಕೊಟ್ಟು ಮೂವತ್ತು ರೂಪಾಯಿ ತೆಗೆದುಕೊಂಡರು. ಎಂಟು ದಿನ ಕೆಮ್ಮು ಸುಮ್ಮನಿತ್ತು. ಆಮೇಲೆ ತಿಪ್ಪಮ್ಮನ ತಮ್ಮ ತನ್ನೂರಿಗೆ ಕರೆಸಿಕೊಂಡ. ಅವನು ಹಿರಿಯೂರಿನಲ್ಲಿ ಲಾರಿ ಗ್ಯಾರೇಜಿನಲ್ಲಿದ್ದ. ಅಲ್ಲಿನ ಡಾಕ್ಟರು ರಕ್ತ ಕಡಿಮೆಯಾಗಿದೆ ಎಂದು ಮಲಗಿಸಿ ಗ್ಲೂಕೋಸ್ ಹಾಕಿದರು. ಇನ್ನೂರು ರೂಪಾಯಿ. ಅಂಗಡಿಗೆ ವಾಪಸ್ಸಾಗುವಷ್ಟರಲ್ಲಿ ಕೆಮ್ಮೂ ವಾಪಸ್ಸಾಗಿತ್ತು. ಮೂರನೆಯದು ಚಿತ್ರದುರ್ಗದ ಒಂದು ನರ್ಸಿಂಗ್ ಹೋಮು. ಟೋಕನ್ನು, ಫ್ಯಾನು, ನುಣ್ಣನೆಯ ನೆಲ. ಫೀಸಿಗೆ, ಎಕ್ಸ್‌ರೇಗೆ, ರಕ್ತಕ್ಕೆ, ಕಫಕ್ಕೆ ಎಂದು ಅಂಗಡಿಯ ಹದಿನೈದು ದಿನದ ಗಳಿಕೆ ಒಂದೇ ಮಧ್ಯಾಹ್ನ ಹೋಯಿತು.

ರೋಗದ ಹೆಸರು ಹೇಳಿದವರು ಅಲ್ಲಿನ ಡಾಕ್ಟರೇ. ವಯಸ್ಸಾದವರು, ನಿಧಾನವಾಗಿ ಮಾತಾಡುವವರು.

"ಇದು ಟಿಬಿ. ಗುಣ ಆಗುತ್ತೆ, ಹೆದರಬೇಡಿ. ಯಾವೂರು ನಿಮ್ದು?"

"ಚಿಕ್ಕಜಾಜೂರ್ರಿ."

"ಮತ್ತೆ ಇಷ್ಟು ದೂರ ಯಾಕ್ರಮ್ಮ ಬಂದ್ರಿ? ನಾನು ಬರೆಯೋ ಮಾತ್ರೇನೇ ನಿಮ್ಮೂರ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರೆ. ಇಲ್ಲಿ ಕೊಂಡ್ರೆ ತಿಂಗಳಿಗೆ ಐನೂರು ದಾಟುತ್ತೆ. ಆರೆಂಟು ತಿಂಗಳು ತಿನ್ನಬೇಕು."

ಹೊರಗೆ ಬೆಂಚಿನ ಮೇಲೆ ಕೂತು ರಂಗಯ್ಯ ಎಕ್ಸ್‌ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡ.

"ಪುಕ್ಕಟೆ ಐತಂತಲ್ಲೇ. ಊರಾಗೇ ತಗಳಾಣ."

"ಊರಾಗೆ ತಗಂಡ್ರೆ ಊರಿಗೇ ಗೊತ್ತಾಗ್ತೈತೆ," ಎಂದಳು ತಿಪ್ಪಮ್ಮ. ಅವನು ಅವಳ ಸೋದರತ್ತೆಯ ಮಗ. ಚಿಕ್ಕಂದಿನಿಂದ ನೀನು ತಾನು ಎಂದೇ ಬೆಳೆದವರು. ಮನೆಯ ಮಾತಿನಲ್ಲಿ ಅವಳದೇ ಮೇಲುಗೈ, ಅವನೂ ಅದಕ್ಕೆ ಒಗ್ಗಿ ಹೋಗಿದ್ದ. "ಆಸ್ಪತ್ರೇಲಿ ನಿನ್ನ ಹೆಸರು ಬರೆದು ಒಂದು ಡಬ್ಬಿ ಇಡ್ತಾರೆ. ವಾರಕ್ಕೆ ಮೂರು ದಿನ ಹೋಗಿ ನರ್ಸಮ್ಮನ ಮುಂದೆ ನುಂಗಬೇಕು. ಆ ಆಸ್ಪತ್ರೆ ಜನಾನೇ ನಮ್ಮತ್ರ ಟೀ ಕುಡಿಯಾದು. ಆಮ್ಯಾಕೆ ಯಾರು ಕುಡೀತಾರೆ?"

"ಕುಡಿಯದೆ ಎಲ್ಲಿ ಹೋಗ್ತಾರೆ?"

"ತಿಪ್ಪಯ್ಯನ ಕಡ್ಲೆಕಾಯಿ ಯಾರು ತಿಂದ್ರು?"

ರಂಗಯ್ಯ ಎಕ್ಸ್‌ರೇ ಕವರನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. ತಿಪ್ಪಯ್ಯ ಅದೇ ಸ್ಟೇಷನ್ನಿನಲ್ಲಿ ಕಡಲೆಕಾಯಿ ಮಾರುತ್ತಿದ್ದವನು. ಅವನಿಗೆ ಈ ರೋಗ ಇದೆ ಎಂದು ತಿಳಿದ ದಿನ, ಅವನು ಟೀ ಕುಡಿದಿಟ್ಟ ಲೋಟವನ್ನು ರೈಲ್ವೆ ಹಳಿಯ ಮೇಲೆ ಬೀಸಿ ಒಗೆದವಳು ತಿಪ್ಪಮ್ಮನೇ. ಅವನ ಎದುರಿಗೇ, ಬೆಂಚಿನವರೆಲ್ಲ ನೋಡಲಿ ಎಂದೇ ಒಗೆದಿದ್ದಳು. ನಮ್ಮ ಅಂಗಡಿ ಚೊಕ್ಕಟ ಎಂದು ತೋರಿಸಬೇಕಿತ್ತು ಅವಳಿಗೆ. ತಿಪ್ಪಯ್ಯ ಬುಟ್ಟಿ ಹೊತ್ತುಕೊಂಡು ಹೊಳಲ್ಕೆರೆ ಕಡೆ ಹೋದವನು ಮತ್ತೆ ಬರಲಿಲ್ಲ.

ಹಾಗಾಗಿ ಪುಕ್ಕಟೆ ಸಿಗುವ ಮಾತ್ರೆಯನ್ನು ಅವರು ದುಡ್ಡು ಕೊಟ್ಟು ಕೊಂಡರು. ತಿಪ್ಪಮ್ಮ ಕಿವಿಯ ಬೆಂಡೋಲೆ ಬಿಚ್ಚಿದಳು. ಊರಿನವರಿಗೆ ದಮ್ಮು ಎಂದಳು. ಮಗಳಿಗೂ ಹಾಗೇ ಹೇಳಿದಳು. ತಿಂಗಳಿಗೊಮ್ಮೆ ಅಂಗಡಿಗೆ ಸಾಮಾನು ತರುವ ನೆಪದಲ್ಲಿ ಚಿತ್ರದುರ್ಗಕ್ಕೆ ಹೋಗಿ ಮಾತ್ರೆ ತಂದು, ಸಕ್ಕರೆ ಡಬ್ಬದ ಹಿಂದೆ ಬಚ್ಚಿಟ್ಟಳು. ಗಂಡನ ತಟ್ಟೆ ಲೋಟ ಬೇರೆ ತೊಳೆದಳು, ಬೇರೆ ಕಡೆ ಬೋರಲು ಹಾಕಿದಳು. ಎರಡು ತಿಂಗಳಲ್ಲಿ ರಂಗಯ್ಯನ ಕೆನ್ನೆ ತುಂಬಿಕೊಂಡಿತು. ರಾತ್ರಿ ಬೆವರುವುದು ನಿಂತಿತು.

ಮಳೆಗಾಲದಲ್ಲಿ ವ್ಯಾಪಾರ ಬಿತ್ತು. ಚೀಟಿಯಲ್ಲಿ ನಾಲ್ಕು ಥರದ ಮಾತ್ರೆ ಬರೆದಿತ್ತು. ಅದರಲ್ಲಿ ಕೆಂಪನೆಯದು ಎಲ್ಲಕ್ಕಿಂತ ದುಬಾರಿ. ಅದನ್ನು ತಿಂದಾಗಲೆಲ್ಲ ರಂಗಯ್ಯನಿಗೆ ಮೂತ್ರವೂ ಕೆಂಪಗೆ ಹೋಗುತ್ತಿತ್ತು. ಅದು ಉಷ್ಣದ ಮಾತ್ರೆ, ರಕ್ತ ಹೆಚ್ಚಲೆಂದು ಕೊಡುವುದು ಎಂದು ತಿಪ್ಪಮ್ಮ ತಾನೇ ತೀರ್ಮಾನಿಸಿದಳು. ಹಿರಿಯೂರಿನ ಡಾಕ್ಟರು ರಕ್ತ ಕಡಿಮೆ ಎಂದಿದ್ದು ಅವಳ ತಲೆಯಲ್ಲಿ ಕೂತಿತ್ತು. ರಕ್ತಕ್ಕೆ ಸೊಪ್ಪು, ಬೆಲ್ಲ ತಿನ್ನಿಸಿದರಾಯಿತು.

"ಕೆಂಪದು ಬಿಟ್ಟು ಉಳಿದಿದ್ದು ಕೊಡ್ರಿ," ಎಂದಳು ಔಷಧಿ ಅಂಗಡಿಯವನಿಗೆ.

"ಡಾಕ್ಟ್ರು ಹೇಳಿದ್ರಾ?"

"ಹ್ಞೂಂ ರಿ."

ಅವನು ಕೊಟ್ಟ. ಅವಳು ಉಳಿದ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದಳು. ಉಳಿತಾಯ ಮಾಡಿದೆ ಎಂದು ಒಳಗೇ ಹಿಗ್ಗಿದ್ದಳು ಕೂಡ.

ಚಳಿಗಾಲಕ್ಕೆ ಕೆಮ್ಮು ಮತ್ತೆ ಬಂತು. ಮತ್ತೆ ನಾಲ್ಕೂ ಥರ ತಂದಳು. ಮತ್ತೆ ದುಡ್ಡು ಮುಗಿಯಿತು, ಮತ್ತೆ ಬಿಟ್ಟಳು. ರಂಗಯ್ಯನನ್ನು ಗೋಣಿತಾಟಿನ ಹಿಂದೆ ಕೂರಿಸಿದ್ದು ಆಗಲೇ.

ಊರ ಆಸ್ಪತ್ರೆಯ ನರ್ಸು ಅನುಸೂಯ ದಿನಾ ಬೆಳಗಿನ ಪ್ಯಾಸೆಂಜರಿನಲ್ಲಿ ಚಿತ್ರದುರ್ಗದಿಂದ ಬಂದಿಳಿದು, ತಿಪ್ಪಮ್ಮನ ಅಂಗಡಿಯಲ್ಲಿ ಒಂದು ಟೀ ಕುಡಿದೇ ಕೆಲಸಕ್ಕೆ ಹೋಗುತ್ತಿದ್ದಳು. ಗೋಣಿತಾಟಿನ ಹಿಂದಿನ ಕೆಮ್ಮನ್ನು ಅವಳು ಎಷ್ಟೋ ದಿನದಿಂದ ಕೇಳಿಸಿಕೊಂಡಿದ್ದಳು. ಒಂದು ದಿನ ಲೋಟ ಇಡುತ್ತಾ ಮೆಲ್ಲಗೆ ಹೇಳಿದಳು:

"ತಿಪ್ಪಮ್ಮ, ಯಜಮಾನ್ರನ್ನ ಒಂದ್ಸಲ ಆಸ್ಪತ್ರೆಗೆ ಕಳಿಸ್ರಿ. ಕಫ ಪರೀಕ್ಷೆ ಮಾಡಾಣ. ದುಡ್ಡೇನಿಲ್ಲ. ಮಾತ್ರೆ ಬೇಕಾದ್ರೆ ನಾನೇ ಬರ್ತಾ ತರ್ತೀನಿ, ಯಾರಿಗೂ ಗೊತ್ತಾಗಲ್ಲ."

ಬೆಂಚಿನ ಮೇಲೆ ಮುರುಗೇಶಪ್ಪನೂ ಇನ್ನೂ ನಾಲ್ಕೈದು ಜನವೂ ಇದ್ದರು. ಅವರು ಕೇಳಿಸಿಕೊಂಡರೋ ಇಲ್ಲವೋ, ತಿಪ್ಪಮ್ಮನಿಗೆ ಬೆಂಕಿ ಹತ್ತಿದಂತಾಯಿತು. ಸೌಟು ಹಿಡಿದುಕೊಂಡೇ ಗಟ್ಟಿಯಾಗಿ ಹೇಳಿದಳು:

"ಅಂಥ ಹೊಲಸು ರೋಗ ನಮ್ಮನೇಲಿ ಯಾರಿಗೂ ಇಲ್ಲ ಕಣಮ್ಮ. ನಿಮ್ಮ ಸರ್ಕಾರದ ಲೆಕ್ಕ ತುಂಬಿಸ್ಕಳಾಕೆ ನನ್ನ ಗಂಡನೇ ಬೇಕಿತ್ತಾ? ನಾವೇನು ಪುಕ್ಕಟೆ ಔಷಧಿಗೆ ಕೈ ಚಾಚೋ ಜನ ಅಲ್ಲ. ದುರ್ಗದಾಗೆ ದುಡ್ಡು ಕೊಟ್ಟು ತೋರಿಸ್ತೀವಿ."

ಅನುಸೂಯ ಟೀ ದುಡ್ಡು ಕಟ್ಟೆಯ ಮೇಲಿಟ್ಟು ಹೋದಳು. ಮಾರನೆಯ ದಿನದಿಂದ ಅಂಗಡಿಯ ಮುಂದೆಯೇ ನಡೆದುಹೋಗುತ್ತಿದ್ದಳು, ನಿಲ್ಲುತ್ತಿರಲಿಲ್ಲ.

ಜನ ಚದುರಿದ ಮೇಲೆ ರಂಗಯ್ಯ ಮರೆಯಿಂದ ಕೇಳಿದ, "ಆ ಹುಡುಗಿ ಒಳ್ಳೇದೇ ಹೇಳ್ತು. ಹೋಗಿ ಬರ್ಲಾ?"

"ಹೋದ್ರೆ ಅಂಗಡಿ ಮುಚ್ಕಂಡು ಹೋಗು," ಎಂದಳು.

ಅವನು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದ.

ರಕ್ತ ಬಂದ ಆ ಸೋಮವಾರ ದುರ್ಗದ ದೊಡ್ಡಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ತಿಪ್ಪಮ್ಮನನ್ನು ಎದುರು ನಿಲ್ಲಿಸಿಕೊಂಡು, ಎಲ್ಲೆಲ್ಲಿ ತೋರಿಸಿದ್ರಿ, ಏನೇನು ಕೊಟ್ರು ಎಂದು ಕೇಳಿದರು. ಅವಳು ಊರುಗಳ ಹೆಸರು ಹೇಳಿದಳು. ಮಾತ್ರೆ ಬಿಟ್ಟದ್ದನ್ನೂ ಹೇಳಿದಳು.

"ಯಾವುದು ಬಿಟ್ರಿ?"

"ಕೆಂಪದು."

"ಅದೇ ಕಣಮ್ಮ ಮುಖ್ಯ ಆಗಿದ್ದು," ಎಂದರು ಅವರು. ಬೈಯಲಿಲ್ಲ. ಪಕ್ಕದ ಮಂಚದ ಕಡೆ ನಡೆದರು.

ಆ ವಾರ್ಡಿನಲ್ಲಿ ಮಂಚಕ್ಕೆ ದುಡ್ಡಿರಲಿಲ್ಲ. ಆಮ್ಲಜನಕಕ್ಕೆ, ಇಂಜೆಕ್ಷನ್ನಿಗೆ, ಬ್ರೆಡ್ಡು ಹಾಲಿಗೆ, ಯಾವುದಕ್ಕೂ ಇರಲಿಲ್ಲ. ಏನಾದರೂ ಕೊಡಬೇಕೇನೋ ಎಂದು ತಿಪ್ಪಮ್ಮ ಸೆರಗಿನ ಗಂಟು ಬಿಚ್ಚಿ ಬಿಚ್ಚಿ ಕಟ್ಟಿದಳು. ಯಾರೂ ಕೇಳಲಿಲ್ಲ. ಬುಧವಾರ ರಂಗಯ್ಯನಿಗೆ ಸ್ವಲ್ಪ ಮಾತಾಡಲು ಬಂತು.

"ಆ ನರ್ಸಮ್ಮ ಟೀ ಕುಡಿಯಾದೇ ಬಿಟ್ಳಲ್ಲೇ," ಎಂದ. ಹೆಂಡತಿಯನ್ನು ದೂರಿದ್ದು ಅಷ್ಟೇ. ಆಮೇಲೆ ಮಾತಾಡಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅನುಸೂಯ ಮನೆಗೆ ಬಂದಳು. ಕೈಯಲ್ಲಿ ಮುಚ್ಚಳದ ಚಿಕ್ಕ ಡಬ್ಬಿ. ತಿಪ್ಪಮ್ಮ ಎದ್ದು ನಿಂತಳು. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ನರ್ಸಮ್ಮ, ಅವತ್ತು ನಾನು ಅಂದಿದ್ದು…"

"ಅದು ಇರ್ಲಿ ಬಿಡ್ರಿ. ನಿಮಗೂ ಅಂಟೈತೋ ಏನೋ ನೋಡ್ಬೇಕು. ಬೆಳಿಗ್ಗೆ ಎದ್ದ ಕೂಡ್ಲೆ ಇದ್ರಾಗೆ ಕಫ ಉಗುಳಿ ತಂದು ಕೊಡ್ರಿ."

ತಿಪ್ಪಮ್ಮನಿಗೆ ಏನೂ ಅಂಟಿರಲಿಲ್ಲ. ಅದನ್ನು ಕೇಳಿ ಅವಳಿಗೆ ಸಮಾಧಾನ ಆಗಲಿಲ್ಲ, ನಾಚಿಕೆಯಾಯಿತು. ಬೇರೆ ತಟ್ಟೆ, ಬೇರೆ ಲೋಟ, ಗೋಣಿತಾಟಿನ ಮರೆ ಎಂದು ತನ್ನನ್ನೂ ಗಿರಾಕಿಗಳನ್ನೂ ಎಷ್ಟು ಜೋಪಾನವಾಗಿ ಕಾಯ್ದುಕೊಂಡಿದ್ದಳು. ಕಾಯದೆ ಬಿಟ್ಟಿದ್ದು ಅವನೊಬ್ಬನನ್ನೇ.

ಅಂಗಡಿ ಮತ್ತೆ ತೆರೆದ ದಿನ ಮೊದಲು ಬಂದವನು ಮುರುಗೇಶಪ್ಪ. ಬೆಂಚಿನ ಮೇಲೆ ಇನ್ನೂ ಮೂವರಿದ್ದರು. ತಿಪ್ಪಮ್ಮ ಟೀ ಕೊಡುವ ಮೊದಲೇ ಹೇಳಿಬಿಟ್ಟಳು.

"ನಮ್ಮವ್ರಿಗೆ ದಮ್ಮಿರ್ಲಿಲ್ಲ. ಟಿಬಿ ಇತ್ತು. ನಾನೇ ಮುಚ್ಚಿಟ್ಟಿದ್ದೆ. ಕುಡಿಯಾದಾದ್ರೆ ಕುಡೀರಿ, ಇಲ್ದಿದ್ರೆ ಏಳ್ರಿ."

ಇಬ್ಬರು ಎದ್ದರು. ಮುರುಗೇಶಪ್ಪ ಕೈ ಚಾಚಿ ಟೀ ಇಸಿದುಕೊಂಡ. ಎರಡು ಗುಟುಕು ಕುಡಿದ ಮೇಲೆ ಹೇಳಿದ:

"ನಂಗೂ ಇತ್ತು ತಿಪ್ಪಕ್ಕ. ಹೋದ ವರ್ಷ. ಇದೇ ಬೆಂಚಿನ ಮ್ಯಾಲೆ ಟೀ ಕುಡಿದು, ಅಂಗೇ ಆಸ್ಪತ್ರೆಗೋಗಿ ಮಾತ್ರೆ ನುಂಗ್ತಿದ್ದೆ. ಆರು ತಿಂಗ್ಳು. ಒಂದು ಪೈಸ ಖರ್ಚಾಗ್ಲಿಲ್ಲ."

"ನಮ್ಮವ್ರಿಗೆ ಒಂದು ಮಾತು ಹೇಳ್ಬಾರ್ದಿತ್ತೇನಪ್ಪ?"

"ಹೇಳಾಣ ಅಂತಿದ್ದೆ. ನೀನು ಅವತ್ತು ಆ ನರ್ಸಮ್ಮನಿಗೆ ಅಂದ್ಯಲ್ಲ, ಹೊಲಸು ರೋಗ ಅಂತ. ನಾನು ಇಲ್ಲೇ ಕುಂತಿದ್ದೆ. ಇವಳ ಮುಂದೆ ಬಾಯಿ ಬಿಟ್ರೆ ನನ್ನ ಲೋಟಾನೂ ಹಳಿ ಮ್ಯಾಲೆ ಹೋಗ್ತೈತೆ ಅನ್ನಿಸ್ತು."

ಅವನು ಸರಿಯಾಗೇ ಹೇಳಿದ್ದ. ತಿಪ್ಪಮ್ಮ ಒಗೆದೇ ಬಿಡುತ್ತಿದ್ದಳು.

ವ್ಯಾಪಾರ ಅರ್ಧಕ್ಕಿಳಿಯಿತು. ಪೂರಾ ನಿಲ್ಲಲಿಲ್ಲ. ಯಾವುದಕ್ಕೆ ಹೆದರಿ ಗಂಡನನ್ನು ಕಳೆದುಕೊಂಡಳೋ ಅದು ಆದದ್ದು ಇಷ್ಟೇ. ಕೆಲವು ತಿಂಗಳಿಗೆ ಗಾಡಿಯ ಹೊಸ ಹೊಸ ಜನ ಬಂದು ಬೆಂಚು ತುಂಬಿಸಿದರು. ಮಗಳು ಹೊಸದುರ್ಗದಿಂದ ಬಂದಾಗ, "ನಂಗಾದ್ರೂ ಹೇಳ್ಬಾರ್ದಿತ್ತಾ ಅಮ್ಮ" ಎಂದು ಕೇಳಿದಳು.

ಅನುಸೂಯ ಮತ್ತೆ ಟೀಗೆ ನಿಲ್ಲತೊಡಗಿದ್ದಳು. ಒಂದು ದಿನ ಕೇಳಿದಳು:

"ಹಾಲು ಮಾರೋ ಏಕನಾಥಮ್ಮ ಗೊತ್ತಲ್ಲ? ಆಸ್ಪತ್ರೆ ತೆರೆಯೋ ಹೊತ್ತಿಗೆ ಅವ್ಳು ಗಾಡಿ ಹತ್ತಿ ಹೋಗಿರ್ತಾಳೆ. ಅವಳ ಟಿಬಿ ಮಾತ್ರೆ ಡಬ್ಬಿ ನಿಮ್ಮ ಅಂಗಡೀಲಿ ಇಟ್ಕಂಡು ನುಂಗಿಸ್ತೀರಾ? ನಿಮ್ಮ ಕಣ್ಣೆದುರಿಗೇ ನುಂಗಬೇಕು."

"ನನ್ನನ್ನ ನಂಬ್ತೀರಾ ನರ್ಸಮ್ಮ?"

"ನಿಮಗಿಂತ ಗಟ್ಟಿಯಾಗಿ ಯಾರು ನುಂಗಿಸ್ತಾರೆ?"

ಅನುಸೂಯ ನಗುತ್ತಾ ಹೇಳಿದ್ದಳು. ತಿಪ್ಪಮ್ಮನಿಗೆ ನಗು ಬರಲಿಲ್ಲ.

ಅದಾಗಿ ಐದು ವರ್ಷವಾಯಿತು. ಏಕನಾಥಮ್ಮ ಗುಣವಾಗಿ, ಅವಳಾದ ಮೇಲೆ ಇನ್ನೆಷ್ಟೋ ಜನ ಬಂದುಹೋದರು. ಈಗ ಇಬ್ಬರಿದ್ದಾರೆ. ಒಬ್ಬ ಸೋಮವಾರ, ಬುಧವಾರ, ಶುಕ್ರವಾರದವನು. ಇನ್ನೊಬ್ಬಳು ಮಂಗಳವಾರ, ಗುರುವಾರ, ಶನಿವಾರದವಳು. ಭಾನುವಾರ ಯಾರೂ ಇಲ್ಲ, ಆದರೂ ತಿಪ್ಪಮ್ಮ ಅದೇ ಹೊತ್ತಿಗೆ ಏಳುತ್ತಾಳೆ. ಒಂದು ಚೊಂಬು ನೀರು ಕಾಯಿಸಿ ಆರಲು ಇಡುತ್ತಾಳೆ. ಬಂದವರನ್ನು ಮುಂದಿನ ಬೆಂಚಿನ ಮೇಲೇ ಕೂರಿಸುತ್ತಾಳೆ. ಡಬ್ಬಿ ತೆಗೆದು ಮಾತ್ರೆಗಳನ್ನು ಅಂಗೈಗೆ ಹಾಕಿ, ಒಂದೊಂದೇ ನುಂಗುವವರೆಗೂ ಎದುರಿಗೆ ನಿಂತಿರುತ್ತಾಳೆ.

"ನುಂಗಿದೆ ಅಕ್ಕ."

"ಬಾಯಿ ತೆಗಿ."

ನಾಲಿಗೆ ಎತ್ತಿಸಿ, ಅದರ ಕೆಳಗೂ ನೋಡುತ್ತಾಳೆ.